ಫ್ಲೋರೊಮೀಟರ್ ತೋರಿಸುವ ಇಟಿಆರ್ ನಂಬಬಹುದೇ? ಎಲೆ ಹೀರಿದ ಬೆಳಕು ಎರಡು ಫೋಟೋಸಿಸ್ಟಮ್‌ಗಳಿಗೆ ನಿಜಕ್ಕೂ ಅರ್ಧರ್ಧವೇ?

ಹಸಿರುಲೆಕ್ಕ

ಎಲ್ಲರಿಗೂ ನಮಸ್ಕಾರ. ಕಾಫಿ ಎಲೆಗಳ ಮೇಲೆ ಪಿಎಚ್‌.ಡಿ. ಕೆಲಸ ಮಾಡುತ್ತಿದ್ದೇನೆ. ಒಂದೇ ತೋಟದ ಎರಡು ಬಗೆಯ ಅರೇಬಿಕಾ ಗಿಡಗಳನ್ನು ಹೋಲಿಸುವುದು ನನ್ನ ಕೆಲಸ: ದಟ್ಟ ನೆರಳಿನಲ್ಲಿ ಬೆಳೆದವು, ಮತ್ತು ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವುದು) ಅತಿಯಾಗಿ ನಡೆದು ಬಿಸಿಲಿಗೆ ತೆರೆದುಕೊಂಡವು. ಕೈಯಲ್ಲಿ ಎರಡು ಯಂತ್ರಗಳಿವೆ. ಒಂದು, ಎಲೆ ಎಷ್ಟು ಇಂಗಾಲದ ಡೈಆಕ್ಸೈಡ್ ಒಳಗೆಳೆಯುತ್ತದೆ ಎಂದು ಅಳೆಯುವ ಅನಿಲ ವಿನಿಮಯ ಯಂತ್ರ. ಇನ್ನೊಂದು ಪ್ಯಾಮ್ ಫ್ಲೋರೊಮೀಟರ್. ಎಲೆಯ ಪ್ರತಿದೀಪ್ತಿಯನ್ನು, ಅಂದರೆ ಹೀರಿದ ಬೆಳಕಿನಲ್ಲಿ ಅದು ಮರಳಿ ಹೊರಬಿಡುವ ಮಂದ ಬೆಳಕನ್ನು, ಹಿಡಿದು ಎಲೆಕ್ಟ್ರಾನ್ ಸಾಗಣೆಯ ವೇಗವನ್ನು, ಅಂದರೆ ಇಟಿಆರ್ ಅನ್ನು, ಪರದೆಯ ಮೇಲೆ ತೋರಿಸುತ್ತದೆ.

ತೊಂದರೆ ಏನೆಂದರೆ, ಎರಡೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ದ್ಯುತಿಉಸಿರಾಟದ (ಎಲೆ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದು ಶಕ್ತಿ ಕಳೆದುಕೊಳ್ಳುವುದರ) ತಂಟೆ ಬೇಡವೆಂದು ಆಮ್ಲಜನಕವನ್ನು 2 ಶೇಕಡಾಕ್ಕೆ ಇಳಿಸಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿ, ಮಂದ ಬೆಳಕಿನಲ್ಲಿ ಅಳೆದಿದ್ದೇನೆ. ಈ ಸ್ಥಿತಿಯಲ್ಲಿ ಒಂದು ಇಂಗಾಲದ ಡೈಆಕ್ಸೈಡ್ ಅಣುವಿಗೆ ಕನಿಷ್ಠ ನಾಲ್ಕು ಎಲೆಕ್ಟ್ರಾನ್ ಬೇಕೇ ಬೇಕು. ಬಿಸಿಲಿನ ಎಲೆಗಳಲ್ಲಿ ಲೆಕ್ಕ ಸರಿಯಾಗಿದೆ. ನೆರಳಿನ ಎಲೆಗಳಲ್ಲಿ ಮಾತ್ರ ಯಂತ್ರ ತೋರಿಸುವ ಇಟಿಆರ್, ಆ ನಾಲ್ಕರ ಲೆಕ್ಕಕ್ಕಿಂತ ಕಡಿಮೆ! ಇದು ಸಾಧ್ಯವೇ ಇಲ್ಲದ ಮಾತು.

ಕೈಪಿಡಿ ತೆರೆದು ನೋಡಿದರೆ ಸೂತ್ರದಲ್ಲಿ 0.84 ಮತ್ತು 0.5 ಎಂಬ ಎರಡು ಸಿದ್ಧ ಸಂಖ್ಯೆಗಳು ಕುಳಿತಿವೆ. ಮೊದಲನೆಯದು, ಬಿದ್ದ ಬೆಳಕಿನಲ್ಲಿ ಎಲೆ ಹೀರುವ ಪಾಲು. ಎರಡನೆಯದು, ಹೀರಿದ್ದರಲ್ಲಿ ಫೋಟೋಸಿಸ್ಟಮ್-2ಕ್ಕೆ, ಅಂದರೆ ಬೆಳಕಿನ ಬಲದಿಂದ ಎಲೆಕ್ಟ್ರಾನ್ ಸಾಗಿಸುವ ಎರಡು ಪ್ರೋಟೀನ್ ಜೋಡಣೆಗಳಲ್ಲಿ ಒಂದಕ್ಕೆ, ಹೋಗುವ ಪಾಲು. ಉಳಿದ ಅರ್ಧ ಫೋಟೋಸಿಸ್ಟಮ್-1ಕ್ಕೆ ಎಂದು ಊಹೆ. ನನ್ನ ಎಲೆಯಲ್ಲಿ ಇವೆರಡನ್ನೂ ಯಾರೂ ಅಳೆದಿಲ್ಲ. ಮಾರ್ಗದರ್ಶಕರನ್ನು ಕೇಳಿದರೆ “ಎಲ್ಲರೂ ಹಾಗೆಯೇ ಪ್ರಕಟಿಸುತ್ತಾರೆ, ನೀನೂ ಬರೆ” ಎನ್ನುತ್ತಾರೆ. ಈ ಹಂಚಿಕೆಯನ್ನು ನಿಜವಾಗಿ ಅಳೆಯುವ ದಾರಿ ಯಾವುದು? ಬಲ್ಲವರು ತಿಳಿಸಿ.

ಎಲೆಮರೆ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಿಮ್ಮ ಯಂತ್ರ ಇಟಿಆರ್ ಅನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಎರಡೇ ಎರಡು ಪ್ರತಿದೀಪ್ತಿ ಮಟ್ಟಗಳನ್ನು: ಎಲೆ ತನ್ನ ಪಾಡಿಗೆ ಕೆಲಸ ಮಾಡುವಾಗಿನ ಮಟ್ಟ, ಮತ್ತು ಕಣ್ಣು ಕುಕ್ಕುವ ಬೆಳಕನ್ನು ಸುಮಾರು ಒಂದು ಸೆಕೆಂಡ್ ಹಾಯಿಸಿ ಫೋಟೋಸಿಸ್ಟಮ್-2ರ ಬಾಗಿಲುಗಳನ್ನೆಲ್ಲ ಮುಚ್ಚಿಸಿದಾಗಿನ ಗರಿಷ್ಠ ಮಟ್ಟ. ಎರಡರ ವ್ಯತ್ಯಾಸವನ್ನು ಗರಿಷ್ಠದಿಂದ ಭಾಗಿಸಿದರೆ ಫೋಟೋಸಿಸ್ಟಮ್-2ರ ದಕ್ಷತೆ ಸಿಗುತ್ತದೆ. ಜೆಂಟಿ, ಬ್ರಿಯಾಂಟೆ, ಬೇಕರ್ ಎಂಬ ಮೂವರು 1989ರಲ್ಲಿ ತೋರಿಸಿದ ಲೆಕ್ಕ ಇದು. ಅಲ್ಲಿಗೆ ಅಳತೆ ಮುಗಿಯಿತು. ಆಮೇಲಿನದೆಲ್ಲ ಗುಣಾಕಾರ.

ಉಪಕರಣ ದುರಸ್ತಿಯಲ್ಲಿ ಕೂದಲು ಬೆಳ್ಳಗಾದವನ ಸಲಹೆ: ಜಗತ್ತಿನ ದೊಡ್ಡ ಪ್ರಶ್ನೆಗೆ ಕೈ ಹಾಕುವ ಮೊದಲು ಕ್ಲಿಪ್ಪಿನ ಬೆಳಕಿನ ಸಂವೇದಕವನ್ನು ನೋಡಿ. ಅದರ ಮೇಲೆ ಧೂಳು ಕುಳಿತರೆ, ಅದು ಎಲೆಗಿಂತ ಬೇರೆ ಕೋನದಲ್ಲಿದ್ದರೆ, ಇಟಿಆರ್ ಅಷ್ಟೇ ಪ್ರಮಾಣದಲ್ಲಿ ಸುಳ್ಳಾಗುತ್ತದೆ.

ಕುತೂಹಲಿ

ನಾನು ಸಾಫ್ಟ್‌ವೇರ್‌ನವನು, ಸಸ್ಯಶಾಸ್ತ್ರ ಪಿಯುಸಿಗೇ ನಿಂತಿತು. ಎಲೆ ಬೆಳಕನ್ನು ಹೊರಗೆ ಬಿಡುತ್ತದೆಯೇ? ಕಣ್ಣಿಗೆ ಯಾವತ್ತೂ ಕಂಡಿಲ್ಲವಲ್ಲ?

ಬೆಳಕುಬಳ್ಳಿ

ಬಿಡುತ್ತದೆ. ಪತ್ರಹರಿತ್ತಿನ ಅಣು ಒಂದು ಫೋಟಾನ್ ಹೀರಿತು ಎಂದುಕೊಳ್ಳಿ. ಆ ಶಕ್ತಿಗೆ ಮೂರು ದಾರಿ: ರಾಸಾಯನಿಕ ಕೆಲಸ, ಶಾಖ, ಇಲ್ಲವೇ ಕೆಂಪು ಬೆಳಕಾಗಿ ಮರಳಿ ಹೊರಕ್ಕೆ. ಮೂರನೆಯದು ಎಲೆಯಲ್ಲಿ ಒಂದೆರಡು ಶೇಕಡಾ ಮಾತ್ರ, ಹಾಗಾಗಿ ಹಗಲಿನಲ್ಲಿ ಕಾಣಿಸುವುದಿಲ್ಲ. ಆದರೆ ಮೂರೂ ಸೇರಿ ಒಂದಾಗಲೇಬೇಕು. ಒಂದು ಹೆಚ್ಚಿದರೆ ಇನ್ನೊಂದು ತಗ್ಗಬೇಕು. ಕತ್ತಲಲ್ಲಿಟ್ಟ ಎಲೆಗೆ ಥಟ್ಟನೆ ಬೆಳಕು ಬಿಟ್ಟರೆ ಕೆಂಪು ಹೊಳಪು ಏರಿ, ನಂತರ ನಿಧಾನವಾಗಿ ಇಳಿಯುವುದನ್ನು ಜರ್ಮನಿಯ ಹಾನ್ಸ್ ಕೌಟ್ಸ್ಕಿ ಮತ್ತು ಹಿರ್ಷ್ 1931ರಲ್ಲಿ ಬರಿಗಣ್ಣಿನಲ್ಲೇ ನೋಡಿ ದಾಖಲಿಸಿದರು. ದ್ಯುತಿಸಂಶ್ಲೇಷಣೆ ಚುರುಕಾದಂತೆ ಹೊಳಪು ಇಳಿಯುತ್ತದೆ. ಈ ಇಡೀ ವಿದ್ಯೆಯ ಬೇರು ಅಲ್ಲಿದೆ.

ಹಗಲಿನ ಬೆಳಕಿನಲ್ಲಿ ಅಳೆಯುವುದು ಸುಲಭವಾದದ್ದು 1986ರ ಸುಮಾರಿಗೆ, ವ್ಯೂರ್ಟ್ಸ್‌ಬರ್ಗ್‌ನ ಉಲ್ರಿಶ್ ಶ್ರೈಬರ್ ಪ್ಯಾಮ್ ಯಂತ್ರ ತಂದ ಮೇಲೆ. ಅಳೆಯುವ ಬೆಳಕನ್ನು ಮಿಡಿಸಿ, ಆ ಮಿಡಿತಕ್ಕೆ ಬಂದ ಉತ್ತರವನ್ನಷ್ಟೇ ಹೆಕ್ಕಿಕೊಳ್ಳುವ ಉಪಾಯ. ಸೂರ್ಯ ಎಷ್ಟೇ ಉರಿಯಲಿ, ಯಂತ್ರಕ್ಕೆ ಅದು ಹಿನ್ನೆಲೆ ಗದ್ದಲ.

ನಾಲೆಬದಿ

ಮಂಡ್ಯ ಕಡೆಯವನ ಭಾಷೆಯಲ್ಲಿ ಹೇಳಬೇಕೆಂದರೆ, ನಾಲೆಯ ಏರಿಯಿಂದ ಜಿನುಗುವ ಬಸಿನೀರನ್ನು ಅಳೆದು ತೂಬಿನಲ್ಲಿ ಎಷ್ಟು ನೀರು ಗದ್ದೆಗೆ ಹೋಯಿತು ಎಂದು ಲೆಕ್ಕ ಹಾಕಿದಂತೆ. ಸರಿಯೇ?

ಎಲೆಮರೆ

ಸರಿ, ಆದರೆ ಅರ್ಧ ಮಾತ್ರ. ಇಲ್ಲಿ ನಾಲೆಗಳು ಎರಡು, ಬಸಿಯುವುದು ಒಂದೇ. ಸಾಮಾನ್ಯ ಉಷ್ಣತೆಯಲ್ಲಿ ಫೋಟೋಸಿಸ್ಟಮ್-1 ಹೆಚ್ಚು ಹೊಳೆಯುವುದಿಲ್ಲ. ನಮಗೆ ಕಾಣುವುದು ಬಹುಪಾಲು ಫೋಟೋಸಿಸ್ಟಮ್-2ರ ಜಿನುಗು. ಹಾಗಾದರೆ ಮೇಲಿನ ಅಣೆಕಟ್ಟಿನಿಂದ ಎರಡು ನಾಲೆಗಳಿಗೆ ನೀರು ಹೇಗೆ ಹಂಚಿಕೆಯಾಯಿತು ಎಂದು ಹೇಗೆ ಹೇಳುತ್ತೀರಿ? ಹೇಳಲಾಗದು. ಅದಕ್ಕೇ “ಅರ್ಧರ್ಧ ಇರಲಿ ಬಿಡಿ” ಎಂದು 0.5 ಹಾಕಿದ್ದು.

ಹಳೆಬೇರು

“ಇರಲಿ ಬಿಡಿ” ಎಂದು ಹಾಕಿದ್ದಲ್ಲ ಸ್ವಾಮಿ. ಬಾಯಿಗೆ ಬಂದಂತೆ ಬರೆಯಬೇಡಿ. ಆ 0.5ರ ಹಿಂದೆ ಗಟ್ಟಿ ಪ್ರಯೋಗವಿದೆ.

ಬ್ಯೋರ್ಕ್‌ಮನ್ ಮತ್ತು ಡೆಮ್ಮಿಗ್ 1987ರಲ್ಲಿ ಹತ್ತಾರು ಜಾತಿಯ ಆರೋಗ್ಯವಂತ ಎಲೆಗಳನ್ನು ಅಳೆದರು. ಕತ್ತಲಿಗೆ ಒಗ್ಗಿಸಿದ ಎಲೆಯ ಎಫ್‌ವಿ/ಎಫ್‌ಎಂ, ಅಂದರೆ ಫೋಟೋಸಿಸ್ಟಮ್-2ರ ಗರಿಷ್ಠ ದಕ್ಷತೆ, ಜಾತಿ ಯಾವುದೇ ಇರಲಿ 0.83ರ ಹತ್ತಿರ. ಅದೇ ಕೆಲಸದಲ್ಲಿ ಹೀರಿದ ಪ್ರತಿ ಫೋಟಾನ್‌ಗೆ ಹೊರಬಂದ ಆಮ್ಲಜನಕ ಸಿ-3 ಗಿಡಗಳಲ್ಲಿ (ಭತ್ತ, ಕಾಫಿಯಂಥ ಸಾಮಾನ್ಯ ಬಗೆಯವುಗಳಲ್ಲಿ) 0.106. ಈಗ ಲೆಕ್ಕ ಮಾಡಿ. ಒಂದು ಆಮ್ಲಜನಕ ಅಣುವಿಗೆ ನಾಲ್ಕು ಎಲೆಕ್ಟ್ರಾನ್, ಆದ್ದರಿಂದ 0.106ನ್ನು 4ರಿಂದ ಗುಣಿಸಿದರೆ 0.424. ಅದನ್ನು 0.83ರಿಂದ ಭಾಗಿಸಿದರೆ 0.51. ಹೀರಿದ ಬೆಳಕಿನಲ್ಲಿ ಫೋಟೋಸಿಸ್ಟಮ್-2ರ ಪಾಲು 0.51! ಇದಕ್ಕಿಂತ ಅರ್ಧ ಇನ್ನೇನು ಬೇಕು?

ಈ ಹುಡುಗಿಯ ಮಾರ್ಗದರ್ಶಕರು ಹೇಳಿದ್ದು ಸರಿಯಾಗಿಯೇ ಇದೆ. ಅಳತೆ ತಪ್ಪಿದಾಗ ಸೂತ್ರವನ್ನು ದೂರುವುದು ಈಗಿನವರಿಗೆ ರೂಢಿಯಾಗಿದೆ.

ಬೆಳಕುಬಳ್ಳಿ

ಹಳೆಬೇರು ಅವರೇ, ಲೆಕ್ಕ ಸೊಗಸಾಗಿದೆ, ಒಪ್ಪಿದೆ. ಆದರೆ ಅದು ಯಾವ ಎಲೆಗೆ? ಒಳ್ಳೆಯ ಬೆಳಕಿನಲ್ಲಿ ಬೆಳೆದ, ಒತ್ತಡವಿಲ್ಲದ ಎಲೆಗೆ. ನೆರಳಿನ ಕಥೆ ಬೇರೆ. ಮರದ ಕೊಂಬೆಗಳ ಅಡಿಗೆ ಇಳಿಯುವ ಬೆಳಕಿನಲ್ಲಿ ನೀಲಿ, ಕೆಂಪು ಮೇಲಿನ ಎಲೆಗಳಲ್ಲೇ ಮುಗಿದಿರುತ್ತವೆ. 700 ನ್ಯಾನೋಮೀಟರಿನಾಚೆಯ ಫಾರ್‌ರೆಡ್ ಬೆಳಕು ಮಾತ್ರ ಧಾರಾಳವಾಗಿ ಉಳಿದಿರುತ್ತದೆ. ಅದನ್ನು ಹೀರಿ ಬಳಸಿಕೊಳ್ಳುವುದು ಮುಖ್ಯವಾಗಿ ಫೋಟೋಸಿಸ್ಟಮ್-1. ಹೀಗಾಗಿ ಅಲ್ಲಿ ಬೆಳೆದ ಎಲೆ ಸಮತೋಲನಕ್ಕಾಗಿ ಫೋಟೋಸಿಸ್ಟಮ್-2ರ ಕಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ. ಇನ್ನು ಆ ಎಲೆಯನ್ನು ತಂದು ಯಂತ್ರದ ನೀಲಿ-ಕೆಂಪು ದೀಪಗಳ ಕೆಳಗಿಟ್ಟರೆ? ಫಾರ್‌ರೆಡ್ ಇಲ್ಲ, ಫೋಟೋಸಿಸ್ಟಮ್-2ಕ್ಕೆ ಅರ್ಧಕ್ಕಿಂತ ಹೆಚ್ಚೇ ಸಿಗುತ್ತದೆ. 0.5 ಹಾಕಿದ ಲೆಕ್ಕ ನಿಜಕ್ಕಿಂತ ಕಡಿಮೆ ಇಟಿಆರ್ ತೋರಿಸುತ್ತದೆ. ಹಸಿರುಲೆಕ್ಕ ಅವರು ಕಂಡಿದ್ದು ಇದನ್ನೇ.

ನೆದರ್ಲೆಂಡ್ಸ್‌ನ ವಾಗೆನಿಂಗನ್‌ನಲ್ಲಿ 2012ರಲ್ಲಿ ಸೌತೆ ಗಿಡಗಳನ್ನು ಬಿಸಿಲಿನಂಥ, ನೆರಳಿನಂಥ ಮತ್ತು ಬರೀ ನೀಲಿ ಬೆಳಕಿನಲ್ಲಿ ಬೆಳೆಸಿ, ಒಂದೊಂದೇ ತರಂಗಾಂತರದಲ್ಲಿ ದಕ್ಷತೆ ಅಳೆದರು. ಬೆಳೆದ ಬೆಳಕಿಗೆ ತಕ್ಕಂತೆ ಎರಡು ಫೋಟೋಸಿಸ್ಟಮ್‌ಗಳ ಪ್ರಮಾಣವೇ ಬದಲಾಗಿತ್ತು, ತರಂಗಾಂತರಕ್ಕೆ ತಕ್ಕಂತೆ ಹಂಚಿಕೆಯೂ. ಇಂಥದ್ದಕ್ಕೆ ಒಂದೇ ಸಂಖ್ಯೆ ಎಲ್ಲಿಂದ ಬರಬೇಕು?

ತೋಟದಮನೆ

ಮೂಡಿಗೆರೆ ಕಡೆ ನಮ್ಮದೂ ಸ್ವಲ್ಪ ತೋಟವಿದೆ. ನಿಮ್ಮ ಸೂತ್ರ ತಲೆಗೆ ಹತ್ತಲಿಲ್ಲ, ಆದರೆ ನೆರಳಿನ ಮಾತು ಬಂದಿದ್ದರಿಂದ ಕೇಳುತ್ತೇನೆ. ಈಗ ಎಲ್ಲರೂ ನೆರಳು ತೆಗೆಯಿರಿ, ಇಳುವರಿ ಬರುತ್ತದೆ ಎನ್ನುತ್ತಾರೆ. ತೆಗೆದವರ ತೋಟದಲ್ಲಿ ಬಿಳಿ ಕಾಂಡಕೊರಕ ಹೊಕ್ಕು ಅರೇಬಿಕಾ ಗಿಡಗಳು ಸಾಲುಸಾಲಾಗಿ ಒಣಗಿದವು. ಎಲೆ ಎಷ್ಟು ಬೆಳಕು ಹಂಚಿಕೊಳ್ಳುತ್ತದೆ ಎಂದು ಅಳೆದರೆ ಎಷ್ಟು ನೆರಳು ಬೇಕು ಎಂಬುದು ತಿಳಿಯುತ್ತದೆಯೇ?

ಹಸಿರುಲೆಕ್ಕ

ತೋಟದಮನೆ ಅಂಕಲ್, ನೇರವಾಗಿ ತಿಳಿಯುವುದಿಲ್ಲ. ಕಾಂಡಕೊರಕದ ವಿಚಾರಕ್ಕೆ ಎಲೆಯ ಅಳತೆ ಉತ್ತರ ಕೊಡುವುದೇ ಇಲ್ಲ. ಅದು ಬಿಸಿಲು ಬೀಳುವ ಕಾಂಡವನ್ನು ಹುಡುಕಿಕೊಂಡು ಬರುತ್ತದೆ. ಎಲೆಯಿಂದ ತಿಳಿಯುವುದು ಇಷ್ಟು: ತೆರೆದ ಬಿಸಿಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಪತ್ರರಂಧ್ರಗಳು ಮುಚ್ಚಿಕೊಂಡು, ಹೀರಿದ ಬೆಳಕಿನ ಬಹುಪಾಲನ್ನು ಎಲೆ ಶಾಖವಾಗಿ ಚೆಲ್ಲುತ್ತಿರುತ್ತದೆ. ಅಂದರೆ ಹೆಚ್ಚು ಬಿಸಿಲು ಬಿದ್ದ ಮಾತ್ರಕ್ಕೆ ಅಷ್ಟೂ ಉಪಯೋಗಕ್ಕೆ ಬಂತು ಎಂದಲ್ಲ.

ತೋಟದಮನೆ

ಅದನ್ನು ನಮ್ಮ ಅಜ್ಜ ಯಂತ್ರವಿಲ್ಲದೆ ಹೇಳುತ್ತಿದ್ದರು. ಕೆಳಗೆ ಹಾಲವಾಣ, ಮೇಲೆ ಅತ್ತಿ, ಹಲಸು. ಸಿಲ್ವರ್ ಓಕ್ ಬಂದದ್ದು ಮೆಣಸು ಹಬ್ಬಿಸುವ, ಮರ ಮಾರುವ ಆಸೆಗೆ. ಅದರ ನೆರಳು ನೆರಳೇ ಅಲ್ಲ.

ಮಲ್ನಾಡ್_ಮಳೆ

ಸಿಲ್ವರ್ ಓಕ್ ಬೈಯಬೇಡಿ. ಕಾಫಿ ದರ ನೆಲ ಕಚ್ಚಿದ ವರ್ಷಗಳಲ್ಲಿ ಮಕ್ಕಳ ಶುಲ್ಕ ಕಟ್ಟಿದ್ದು ಆ ಮರಗಳೇ.

ನಿರ್ವಾಹಕ

ನೆರಳು ಮರಗಳ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಎಲೆಯೊಳಗಿನ ಬೆಳಕಿನ ಮಾತು ಸಾಕು.

ತಿಪಟೂರು_ಮೇಷ್ಟ್ರು

ಎಲೆಯೊಳಗಿನ ಬೆಳಕನ್ನು ಹತ್ತನೇ ತರಗತಿ ಮಕ್ಕಳಿಗೆ ತೋರಿಸಲು ಉಪಾಯವಿದೆಯೇ? ನಮ್ಮ ಶಾಲೆಯಲ್ಲಿ ಇರುವುದು ಒಂದು ಹಳೆಯ ಸೂಕ್ಷ್ಮದರ್ಶಕ, ನಾಲ್ಕು ಬೀಕರ್.

ಬೆಳಕುಬಳ್ಳಿ

ಅಷ್ಟೇ ಸಾಕು ಮೇಷ್ಟ್ರೇ. ಪಾಲಕ್ ಸೊಪ್ಪನ್ನು ಸ್ಪಿರಿಟ್‌ನಲ್ಲಿ ಅರೆದು ಸೋಸಿ, ಗಾಜಿನ ಲೋಟಕ್ಕೆ ಹಾಕಿ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಅಥವಾ ಗಾಢ ನೀಲಿ ಎಲ್‌ಇಡಿ ಬೆಳಕನ್ನು ಕತ್ತಲೆ ಕೋಣೆಯಲ್ಲಿ ಪಕ್ಕದಿಂದ ಬಿಡಿ. ಹಸಿರು ದ್ರಾವಣ ರಕ್ತದಂತೆ ಕೆಂಪಾಗಿ ಹೊಳೆಯುತ್ತದೆ. ಸ್ಪಿರಿಟ್ ಹತ್ತಿರ ಬೆಂಕಿ ಬೇಡ, ಮಕ್ಕಳ ಕೈಗೆ ಕೊಡಬೇಡಿ, ಟಾರ್ಚನ್ನು ಯಾರ ಕಣ್ಣಿಗೂ ಹಿಡಿಯಬೇಡಿ. ಆಮೇಲೆ ಅದೇ ಟಾರ್ಚನ್ನು ಹಸಿ ಎಲೆಯ ಮೇಲೆ ಬಿಟ್ಟು ತೋರಿಸಿ. ಹೊಳಪು ಬಹಳ ಮಂದ. ದ್ರಾವಣದಲ್ಲಿ ಪತ್ರಹರಿತ್ತು ಹೀರಿದ ಬೆಳಕಿನ ಸುಮಾರು 30 ಶೇಕಡಾ ಮರಳಿ ಹೊರಬರುತ್ತದೆ, ಯಾಕೆಂದರೆ ಅಲ್ಲಿ ಶಕ್ತಿಯನ್ನು ಕೆಲಸಕ್ಕೆ ಹಚ್ಚುವ ಫೋಟೋಸಿಸ್ಟಮ್ ಒಡೆದುಹೋಗಿದೆ. ಜೀವಂತ ಎಲೆ ಮತ್ತು ಅರೆದ ಎಲೆಯ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ನನಗೆ ಗೊತ್ತಿಲ್ಲ.

ತಿಪಟೂರು_ಮೇಷ್ಟ್ರು

ಸೋಮವಾರವೇ ಮಾಡುತ್ತೇನೆ. ಧನ್ಯವಾದ ತಾಯಿ.

ರಾಗಿಕಣಜ

ಎಲ್ಲರೂ ಸಿ-3 ಗಿಡಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ರಾಗಿ, ಜೋಳಗಳಿಗೆ ಬನ್ನಿ, 0.5ರ ಗತಿ ಏನಾಗುತ್ತದೆ ನೋಡಿ. ಅವು ಸಿ-4, ಅಂದರೆ ಇಂಗಾಲವನ್ನು ಎರಡು ಹಂತದಲ್ಲಿ ಹಿಡಿಯುವ ಬಗೆ; ಸಿ-4 ಎಲೆಯಲ್ಲಿ ಎರಡು ಬಗೆಯ ಜೀವಕೋಶಗಳು. ಜೋಳ, ಮುಸುಕಿನ ಜೋಳಗಳಲ್ಲಿ ನಾಳದ ಸುತ್ತಲಿನ ಪೊರೆಕೋಶಗಳಲ್ಲಿ ಫೋಟೋಸಿಸ್ಟಮ್-2 ತೀರಾ ಕಡಿಮೆ; ಅಲ್ಲಿ ಫೋಟೋಸಿಸ್ಟಮ್-1 ಎಲೆಕ್ಟ್ರಾನನ್ನು ಸುತ್ತು ಹೊಡೆಸಿ ಎಟಿಪಿ ಎಂಬ ಶಕ್ತಿಯ ಅಣುವನ್ನು ಮಾಡಿಕೊಳ್ಳುತ್ತದೆ. ಹಾಗಿರುವಾಗ ಇಡೀ ಎಲೆಯ ಲೆಕ್ಕದಲ್ಲಿ ಫೋಟೋಸಿಸ್ಟಮ್-2ಕ್ಕೆ ಅರ್ಧ ಸಿಗುವುದು ಹೇಗೆ? ರಾಗಿ ಇನ್ನೊಂದು ಉಪವರ್ಗದ್ದು. ಅದರ ಪೊರೆಕೋಶಗಳಲ್ಲಿ ಫೋಟೋಸಿಸ್ಟಮ್-2 ಚೆನ್ನಾಗಿಯೇ ಇದೆ. ಆದ್ದರಿಂದ ರಾಗಿಯನ್ನೂ ಜೋಳವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿ “ರಾಗಿಯ ಇಟಿಆರ್ ಹೆಚ್ಚು, ಜೋಳದ್ದು ಕಡಿಮೆ” ಎಂದು ಕೋಷ್ಟಕ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಳೆಬೇರು

ಸಿ-4 ಬಗ್ಗೆ ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಕಾಫಿ ಸಿ-3. ವಿಷಯಕ್ಕೆ ಬನ್ನಿ.

ಕುತೂಹಲಿ

ಒಂದು ಸಂದೇಹ. ಎಲೆ ಬೆಳೆಯುವಾಗ ಹಂಚಿಕೆ ನಿರ್ಧಾರವಾಗುತ್ತದೆ ಎಂದಿರಿ. ಆದರೆ ತೋಟದಲ್ಲಿ ಗಾಳಿ ಬೀಸಿದರೆ ಬೆಳಕು ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಅಷ್ಟು ಬೇಗ ಎಲೆ ಏನು ಮಾಡುತ್ತದೆ?

ಬೆಳಕುಬಳ್ಳಿ

ಕ್ಷಣಕ್ಷಣಕ್ಕೆ ಅಲ್ಲ, ಆದರೆ ಕೆಲವು ನಿಮಿಷಗಳಲ್ಲಿ ಹಂಚಿಕೆಯನ್ನೇ ಬದಲಿಸುವ ಏರ್ಪಾಡು ಇದೆ. ಇದನ್ನು ಸ್ಥಿತಿ ಬದಲಾವಣೆ ಎನ್ನುತ್ತಾರೆ. 1969ರಲ್ಲಿ ಜಪಾನಿನ ಮುರಾತಾ ಕೆಂಪು ಪಾಚಿಯಲ್ಲಿಯೂ, ಅಮೆರಿಕದ ಬೊನಾವೆಂಚುರಾ ಮತ್ತು ಮಯರ್ಸ್ ಹಸಿರು ಪಾಚಿಯಲ್ಲಿಯೂ ಬೇರೆಬೇರೆಯಾಗಿ ಕಂಡುಕೊಂಡದ್ದು. ಫೋಟೋಸಿಸ್ಟಮ್-2ಕ್ಕೆ ಬೆಳಕು ಹೆಚ್ಚಾದಾಗ ಒಂದು ಕಿಣ್ವ ಎಚ್ಚರವಾಗಿ, ಬೆಳಕು ಹಿಡಿಯುವ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಆ ಪ್ರೋಟೀನಿನ ಒಂದು ಪಾಲು ಜಾಗ ಬಿಟ್ಟು ಫೋಟೋಸಿಸ್ಟಮ್-1ರ ಜೊತೆ ಸೇರಿಕೊಳ್ಳುತ್ತದೆ. ಫಾರ್‌ರೆಡ್ ಹೆಚ್ಚಾದರೆ ಫಾಸ್ಫೇಟ್ ಕಳಚಿ ಮರಳಿ ಬರುತ್ತದೆ. ಈ ಕಿಣ್ವದ ಜೀನ್ ಎಸ್‌ಟಿಎನ್-7 ಎಂದು ಅರಾಬಿಡಾಪ್ಸಿಸ್ ಗಿಡದಲ್ಲಿ ಗುರುತಿಸಿದ್ದು 2005ರಲ್ಲಿ. ತಮಾಷೆ ಎಂದರೆ ಬೆಳಕು ತೀರಾ ಪ್ರಖರವಾದರೆ ಈ ಕಿಣ್ವ ಕೆಲಸ ನಿಲ್ಲಿಸುತ್ತದೆ. ಆಗ ಹಂಚಿಕೊಳ್ಳುವ ಪ್ರಶ್ನೆಯೇ ಇಲ್ಲ, ಚೆಲ್ಲುವುದೇ ಕೆಲಸ.

ಎಲೆಮರೆ

ಇದನ್ನು ಫ್ಲೋರೊಮೀಟರಿನಲ್ಲೇ ನೋಡಬಹುದು. ಮಂದ ಕೆಂಪು ಬೆಳಕಿನಲ್ಲಿ ಎಲೆಯನ್ನು ನೆಲೆಗೊಳಿಸಿ, ಗರಿಷ್ಠ ಪ್ರತಿದೀಪ್ತಿ ಅಳೆಯಿರಿ. ಆಮೇಲೆ ಫಾರ್‌ರೆಡ್ ಸೇರಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಎರಡನೆಯ ಸಲ ಗರಿಷ್ಠ ಮಟ್ಟ ಏರಿದ್ದರೆ ಬೆಳಕು ಹಿಡಿಯುವ ಪ್ರೋಟೀನು ಫೋಟೋಸಿಸ್ಟಮ್-2ಕ್ಕೆ ಮರಳಿದೆ. ಆದರೆ ಇದು ಬದಲಾವಣೆ ಎಷ್ಟು ಎಂದು ಹೇಳುತ್ತದೆ, ಒಟ್ಟು ಪಾಲು ಎಷ್ಟು ಎಂದು ಹೇಳುವುದಿಲ್ಲ.

ಶೀತಲ_ಪ್ರಯೋಗ

ಒಟ್ಟು ಪಾಲು ಬೇಕಿದ್ದರೆ ದ್ರವ ಸಾರಜನಕಕ್ಕೆ ಹೋಗಿ. 77 ಕೆಲ್ವಿನ್‌ಗೆ ತಣಿಸಿದರೆ ಫೋಟೋಸಿಸ್ಟಮ್-1 ಕೂಡ ಹೊಳೆಯುತ್ತದೆ. 685 ಮತ್ತು 695 ನ್ಯಾನೋಮೀಟರಿನ ಶಿಖರಗಳು ಫೋಟೋಸಿಸ್ಟಮ್-2ರವು, 735ರ ಸುತ್ತಲಿನದು ಫೋಟೋಸಿಸ್ಟಮ್-1ರದ್ದು. ಎರಡನ್ನೂ ಪಕ್ಕಪಕ್ಕದಲ್ಲಿ ನೋಡಬಹುದು.

ಹಳೆಬೇರು

ನೋಡಬಹುದು, ಅಳೆಯಲಾಗದು. ಶಿಖರದ ಎತ್ತರ ಬೆಳಕಿನ ಪಾಲಲ್ಲ, ಹೊಳೆಯುವ ದಕ್ಷತೆ ಎರಡಕ್ಕೂ ಬೇರೆಬೇರೆ. ಅದೂ ಅಲ್ಲದೆ ದಪ್ಪ ಕಾಫಿ ಎಲೆಯನ್ನು ಹಾಗೇ ಇಟ್ಟರೆ 685ರ ಬೆಳಕನ್ನು ಎಲೆಯೇ ಮತ್ತೆ ಹೀರಿಕೊಂಡು ಶಿಖರವನ್ನೇ ಕುಗ್ಗಿಸುತ್ತದೆ. ಅರೆದು, ತೆಳುಗೊಳಿಸಿ ಅಳೆದರೂ ಎರಡು ಮಾದರಿಗಳ ನಡುವೆ ಹೋಲಿಕೆ ಮಾತ್ರ ಸಾಧ್ಯ. ನೀವೆಲ್ಲ ಹೇಳುವ ಒಂದೊಂದು ವಿಧಾನವೂ ಪಾಲಿನ ಪಕ್ಕದಲ್ಲಿ ಸುಳಿದಾಡುತ್ತದೆ, ಪಾಲನ್ನು ಮುಟ್ಟುವುದಿಲ್ಲ. ಅದಕ್ಕೇ ಹೇಳಿದ್ದು, 0.5 ಇರಲಿ ಎಂದು.

ಕಿವಿಗೊಟ್ಟು

ಮುಟ್ಟುವ ವಿಧಾನವಿತ್ತು, ಈಗ ಜನ ಮರೆತಿದ್ದಾರೆ: ಎಲೆಯ ಸದ್ದನ್ನು ಕೇಳುವುದು. ಬೆಳಕನ್ನು ಮಿಡಿಸಿ ಎಲೆಯ ಮೇಲೆ ಬಿಟ್ಟರೆ ಶಾಖದ ಮಿಡಿತ, ಆಮ್ಲಜನಕದ ಮಿಡಿತ ಎರಡೂ ಪುಟ್ಟ ಡಬ್ಬಿಯೊಳಗಿನ ಗಾಳಿಯ ಒತ್ತಡವನ್ನು ಅಲುಗಿಸುತ್ತವೆ. ಮೈಕ್ರೋಫೋನ್ ಅದನ್ನು ಹಿಡಿಯುತ್ತದೆ. ಬೆಳಕಿನಿಂದ ಸದ್ದು ಹುಟ್ಟುತ್ತದೆ ಎಂದು 1880ರಲ್ಲಿ ಕಂಡವನು ಟೆಲಿಫೋನಿನ ಗ್ರಹಾಂ ಬೆಲ್. ಈ ಡಬ್ಬಿಯಲ್ಲಿ ಎಲೆಗೆ ಕೆಂಪು ಬೆಳಕಿನ ಜೊತೆ ಫಾರ್‌ರೆಡ್ ಸೇರಿಸಿದರೆ ಆಮ್ಲಜನಕದ ಸದ್ದು ಎಷ್ಟು ಏರಿತು ಎಂಬುದರಿಂದ ಎರಡು ಫೋಟೋಸಿಸ್ಟಮ್‌ಗಳ ಪಾಲನ್ನು ಲೆಕ್ಕ ಹಾಕುತ್ತಿದ್ದರು. ಎಮರ್ಸನ್ ಪರಿಣಾಮವನ್ನೇ ಅಳತೆಗೋಲು ಮಾಡಿಕೊಂಡಂತೆ.

ಕುತೂಹಲಿ

ಎಮರ್ಸನ್ ಯಾರು?

ಕಿವಿಗೊಟ್ಟು

ಅಮೆರಿಕದ ರಾಬರ್ಟ್ ಎಮರ್ಸನ್. ಫಾರ್‌ರೆಡ್ ಒಂದನ್ನೇ ಕೊಟ್ಟರೆ ದ್ಯುತಿಸಂಶ್ಲೇಷಣೆ ಕುಂಟುತ್ತದೆ, ಅದರ ಜೊತೆ ಕಡಿಮೆ ತರಂಗಾಂತರದ ಬೆಳಕನ್ನೂ ಸೇರಿಸಿದರೆ ಎರಡರ ಮೊತ್ತಕ್ಕಿಂತ ಹೆಚ್ಚು ಫಲ ಎಂದು 1957ರಲ್ಲಿ ತೋರಿಸಿದವರು. ಎರಡು ಫೋಟೋಸಿಸ್ಟಮ್‌ಗಳಿವೆ ಎಂಬ ಸುಳಿವು ಸಿಕ್ಕಿದ್ದು ಅಲ್ಲಿಂದ. ಅದಕ್ಕೂ ಮೊದಲು ಆಟೊ ವಾರ್‌ಬರ್ಗ್ ಜೊತೆ ಅವರಿಗೆ ದೊಡ್ಡ ಜಗಳ. ಒಂದು ಆಮ್ಲಜನಕಕ್ಕೆ ನಾಲ್ಕು ಫೋಟಾನ್ ಸಾಕು ಎಂದು ನೊಬೆಲ್ ಪಡೆದ ವಾರ್‌ಬರ್ಗ್, ಇಲ್ಲ, ಎಂಟಾದರೂ ಬೇಕು ಎಂದು ಅವರ ಶಿಷ್ಯರೇ ಆಗಿದ್ದ ಎಮರ್ಸನ್. ಶಿಷ್ಯ ಗೆದ್ದರು. 1959ರಲ್ಲಿ ನ್ಯೂಯಾರ್ಕ್ ಬಳಿ ವಿಮಾನ ದುರಂತದಲ್ಲಿ ತೀರಿಕೊಂಡರು. ಆಗ ಇಲಿನಾಯ್‌ನಲ್ಲಿ ಅವರ ಬಳಿ ಕಲಿಯುತ್ತಿದ್ದ ಅಲಹಾಬಾದಿನ ತರುಣನೇ ಗೋವಿಂದಜೀ. 1960ರಲ್ಲಿ ರಾಬಿನೋವಿಚ್ ಅವರ ಬಳಿ ಪಿಎಚ್‌.ಡಿ. ಮುಗಿಸಿ, ಮುಂದೆ ಪತ್ರಹರಿತ್ತಿನ ಪ್ರತಿದೀಪ್ತಿಯ ದೊಡ್ಡ ಹೆಸರಾದರು.

ಮಲ್ನಾಡ್_ಮಳೆ

ಗುರುವನ್ನೇ ಸೋಲಿಸಿದ ಶಿಷ್ಯ! ಹಸಿರುಲೆಕ್ಕ ಅವರೇ, ಮಾರ್ಗದರ್ಶಕರಿಗೆ ಈ ಕಥೆಯನ್ನು ಮೊದಲು ಹೇಳಿ.

ಹಸಿರುಲೆಕ್ಕ

ಹೇಳಿದರೆ ಪದವಿ ಎಮರ್ಸನ್ ಕೊಡುವುದಿಲ್ಲವಲ್ಲ!

ಕಾಗದದ ಮೇಲೆ ಇವೆಲ್ಲ ಚೆನ್ನಾಗಿವೆ, ಆದರೆ ದ್ರವ ಸಾರಜನಕದ ಉಪಕರಣವೂ ಇಲ್ಲ, ಸದ್ದಿನ ಡಬ್ಬಿಯೂ ಇಲ್ಲ. ಇರುವ ಎರಡು ಯಂತ್ರಗಳಲ್ಲಿ ಏನಾದರೂ ಸಾಧ್ಯವೇ? ಅಂದಹಾಗೆ ಎಲೆಮರೆ ಸರ್ ಹೇಳಿದಂತೆ ಸಂವೇದಕವನ್ನು ಒರೆಸಿ, ಇನ್ನೊಂದು ಬೆಳಕಿನ ಮಾಪಕದ ಜೊತೆ ತಾಳೆ ನೋಡಿದೆ. ಸರಿಯಾಗಿದೆ. ವ್ಯತ್ಯಾಸ ಹಾಗೇ ಇದೆ.

ಬೆಳಕುಬಳ್ಳಿ

ನಿಮಗೆ ಬೇಕಾದ ಅಳತೆ ಈಗಾಗಲೇ ನಿಮ್ಮ ಕಂಪ್ಯೂಟರಿನಲ್ಲಿದೆ. ನೀವು ಅದನ್ನು ಇಟಿಆರ್ ಪರೀಕ್ಷಿಸಲು ಬಳಸುತ್ತಿದ್ದೀರಿ, ಬದಲಿಗೆ ಪಾಲನ್ನು ಕಂಡುಹಿಡಿಯಲು ಬಳಸಿ.

0.84 ಮತ್ತು 0.5 ಎರಡನ್ನೂ ಮರೆತುಬಿಡಿ. ಮಂದ ಬೆಳಕಿನ ಆರೇಳು ಮಟ್ಟಗಳಲ್ಲಿ, ಕಡಿಮೆ ಆಮ್ಲಜನಕದಲ್ಲಿ ಅಳೆದ ಇಂಗಾಲದ ಡೈಆಕ್ಸೈಡ್ ಹೀರಿಕೆಯನ್ನು ನಿಂತ ಅಕ್ಷದ ಮೇಲೆ ಹಾಕಿ. ಅಡ್ಡ ಅಕ್ಷದ ಮೇಲೆ ಬಿದ್ದ ಬೆಳಕನ್ನು ಫೋಟೋಸಿಸ್ಟಮ್-2ರ ದಕ್ಷತೆಯಿಂದ ಗುಣಿಸಿ 4ರಿಂದ ಭಾಗಿಸಿದ್ದು. ಸರಳರೇಖೆ ಬರುತ್ತದೆ. ಅದು ನಿಂತ ಅಕ್ಷವನ್ನು ಸೊನ್ನೆಯ ಕೆಳಗೆ ಮುಟ್ಟುವ ಜಾಗ ಬೆಳಕಿನಲ್ಲಿನ ಉಸಿರಾಟ. ರೇಖೆಯ ಇಳಿಜಾರೇ ನಿಮಗೆ ಬೇಕಾದ್ದು: ಹೀರಿಕೆ ಮತ್ತು ಫೋಟೋಸಿಸ್ಟಮ್-2ರ ಪಾಲು, ಇವೆರಡರ ಗುಣಲಬ್ಧ. ಕೈಪಿಡಿಯ ಊಹೆ ನಿಜವಾಗಿದ್ದರೆ ಇಳಿಜಾರು 0.42 ಬರಬೇಕು. ಬಾರದಿದ್ದರೆ ಬಂದದ್ದನ್ನೇ ಬಳಸಿ. ವಾಗೆನಿಂಗನ್‌ನ ಯಿನ್ ಮತ್ತು ಸಂಗಡಿಗರು ಈ ದಾರಿಯನ್ನು ಚೆನ್ನಾಗಿ ಬೆಳೆಸಿದ್ದಾರೆ.

ಉದಾಹರಣೆಗೆ, ಬೆಳಕು 100 ಮೈಕ್ರೋಮೋಲ್, ದಕ್ಷತೆ 0.75 ಇದ್ದರೆ ಕೈಪಿಡಿಯ ಪ್ರಕಾರ ಇಟಿಆರ್ 31.5. ಅದೇ ಎಲೆ ನಿಜಕ್ಕೂ 0.90 ಹೀರಿ, 0.55 ಪಾಲನ್ನು ಫೋಟೋಸಿಸ್ಟಮ್-2ಕ್ಕೆ ಕೊಡುತ್ತಿದ್ದರೆ 37ರ ಮೇಲೆ. ನಿಮ್ಮ “ಸಾಧ್ಯವೇ ಇಲ್ಲದ” ಕೊರತೆ ತುಂಬಲು ಅಷ್ಟು ಸಾಕು.

ಹಳೆಬೇರು

ನಿಲ್ಲಿ. ಇಳಿಜಾರು ಹೆಚ್ಚು ಬಂದರೆ ಅದು ಪಾಲಿನಿಂದಲೇ ಎಂದು ಹೇಗೆ ಹೇಳುತ್ತೀರಿ? ನೆರಳಿನ ಎಲೆ ಕಡುಹಸಿರು, ಹೀರಿಕೆಯೇ 0.84ಕ್ಕಿಂತ ಹೆಚ್ಚಿರಬಹುದು. ಎರಡನೆಯದು, ಯಂತ್ರ 700 ನ್ಯಾನೋಮೀಟರಿಗಿಂತ ಮೇಲೆ ಪ್ರತಿದೀಪ್ತಿ ಅಳೆಯುತ್ತಿದ್ದರೆ, ಕನಿಷ್ಠ ಮಟ್ಟದ ಸುಮಾರು 30 ಶೇಕಡಾ ಫೋಟೋಸಿಸ್ಟಮ್-1ರದ್ದೇ ಎಂಬ ಅಂದಾಜಿದೆ. ಹಾಗಿದ್ದರೆ ನೀವು ಅಳೆದ ದಕ್ಷತೆಯೇ ನಿಜಕ್ಕಿಂತ ಕಡಿಮೆ, ಇಳಿಜಾರು ಅದರಿಂದಲೂ ಏರುತ್ತದೆ. ಮೂರನೆಯದು, ಪ್ರತಿದೀಪ್ತಿ ಬರುವುದು ಎಲೆಯ ಮೇಲ್ಪದರದಿಂದ, ಅನಿಲ ಬರುವುದು ಇಡೀ ಎಲೆಯಿಂದ.

ಬೆಳಕುಬಳ್ಳಿ

ಮೂರೂ ನ್ಯಾಯವಾದ ಪ್ರಶ್ನೆಗಳು. ಹೀರಿಕೆಯನ್ನು ಬೇರೆಯಾಗಿ ಅಳೆಯಲೇಬೇಕು. ಒಳಗೆ ಬಿಳಿ ಬಳಿದ ಗೋಳದಲ್ಲಿ ಎಲೆಯಿಟ್ಟು ಪ್ರತಿಫಲಿಸಿದ್ದು, ಹಾಯ್ದುಹೋದದ್ದು ಎರಡನ್ನೂ ಕಳೆದರೆ ಹೀರಿದ್ದು ಸಿಗುತ್ತದೆ. ಮೇಲ್ಪದರದ ತೊಂದರೆ ಪ್ರಖರ ಬೆಳಕಿನಲ್ಲಿ ದೊಡ್ಡದು. ಮಂದ ಬೆಳಕಿನಲ್ಲಿ ಎಲ್ಲ ಪದರಗಳೂ ಪೂರ್ಣ ದಕ್ಷತೆಯ ಹತ್ತಿರವೇ ಇರುವುದರಿಂದ ಚಿಕ್ಕದು. ಫೋಟೋಸಿಸ್ಟಮ್-1ರ ಜಿನುಗು ಇಳಿಜಾರನ್ನು ಏರಿಸುತ್ತದೆ ನಿಜ, ಆದರೆ ಬಿಸಿಲಿನ ಎಲೆಯಲ್ಲೂ ನೆರಳಿನ ಎಲೆಯಲ್ಲೂ ಏರಿಸುತ್ತದೆ. ಅವೆರಡರ ನಡುವಿನ ವ್ಯತ್ಯಾಸವನ್ನು ಅದೊಂದೇ ವಿವರಿಸಲಾರದು. ಇನ್ನು ನೈಟ್ರೇಟ್ ಮುಂತಾದ ಬೇರೆ ಕೆಲಸಗಳಿಗೆ ಹೋಗುವ ಎಲೆಕ್ಟ್ರಾನ್‌ಗಳು ಇಳಿಜಾರನ್ನು ತಗ್ಗಿಸುತ್ತವೆ, ಏರಿಸುವುದಿಲ್ಲ.

ಮಾವಿನಚಿಗುರು

ಹೀರಿಕೆ ಅಳೆಯುವಾಗ ಒಂದು ಎಚ್ಚರ. ಮಾವಿನ ಚಿಗುರು ತಾಮ್ರಬಣ್ಣಕ್ಕಿರುವಾಗ ಗೋಳದಲ್ಲಿಟ್ಟರೆ ಹೀರಿಕೆ ಚೆನ್ನಾಗಿಯೇ ಬರುತ್ತದೆ. ಆದರೆ ಅದರಲ್ಲಿ ಒಂದು ಭಾಗವನ್ನು ಹೀರುವುದು ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯ. ಆ ಶಕ್ತಿ ಯಾವ ಫೋಟೋಸಿಸ್ಟಮ್‌ಗೂ ತಲುಪುವುದಿಲ್ಲ. ಎಲೆ ಹೀರಿದ್ದೆಲ್ಲ ದ್ಯುತಿಸಂಶ್ಲೇಷಣೆಗೆ ಸಿಕ್ಕಿತು ಎಂದು ಭಾವಿಸಬಾರದು. ಅರೇಬಿಕಾದ ಕೆಲವು ತಳಿಗಳ ಎಳೆ ಎಲೆ ಕಂಚಿನ ಬಣ್ಣಕ್ಕಿರುತ್ತದಲ್ಲ, ಅವನ್ನು ಬಿಟ್ಟು ಪೂರ್ತಿ ಬಲಿತ ಎಲೆಗಳನ್ನೇ ಆರಿಸಿ.

ರಾಗಿಕಣಜ

ಇನ್ನೊಂದು: ಪ್ರಖರ ನೀಲಿ ಬೆಳಕು ಕೊಟ್ಟರೆ ಹರಿದ್ರೇಣುಗಳು (ಪತ್ರಹರಿತ್ತು ತುಂಬಿದ ಪುಟ್ಟ ಕಣಗಳು) ಕೋಶದ ಗೋಡೆಗಳ ಪಕ್ಕಕ್ಕೆ ಸರಿದು ನಿಲ್ಲುತ್ತವೆ, ಹೀರಿಕೆಯೇ ಇಳಿಯುತ್ತದೆ. ನೆರಳಿನ ಎಲೆಗಳಲ್ಲಿ ಇದು ಜಾಸ್ತಿ. ಮೊದಲು ಮಂದ ಬೆಳಕಿನ ಅಳತೆ, ಆಮೇಲೆ ಪ್ರಖರದ್ದು.

ಆಕಾಶಬುಟ್ಟಿ

ನೀವೆಲ್ಲ ಒಂದು ಎಲೆಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೀರಿ, ಉಪಗ್ರಹದವರು ಇಡೀ ಭೂಮಿಯ ಪ್ರತಿದೀಪ್ತಿಯನ್ನೇ ಅಳೆಯುತ್ತಿದ್ದಾರೆ! 2011ರಲ್ಲೇ ಜಪಾನಿನ ಗೋಸ್ಯಾಟ್ ಉಪಗ್ರಹದ ದತ್ತಾಂಶದಿಂದ ಭೂಪಟ ಬಂದಿದೆ.

ಎಲೆಮರೆ

ಅಳೆಯುತ್ತಾರೆ ನಿಜ. ಆದರೆ ಅಲ್ಲಿಂದ ಗಿಡಗಳು ಎಷ್ಟು ಇಂಗಾಲ ಹಿಡಿದವು ಎಂದು ಹೇಳಲು ಹೊರಟರೆ ಇದೇ ತೊಡಕು ಮತ್ತೆ ಎದುರಾಗುತ್ತದೆ. ಬೆಳಕು ಎಷ್ಟು ಶಾಖಕ್ಕೆ ಹೋಯಿತು, ಎಷ್ಟು ಯಾವ ಫೋಟೋಸಿಸ್ಟಮ್‌ಗೆ ಹೋಯಿತು? ಉಪಗ್ರಹಕ್ಕೆ ಕಣ್ಣು ಕುಕ್ಕುವ ಬೆಳಕು ಬಿಟ್ಟು ಗರಿಷ್ಠ ಮಟ್ಟ ನೋಡುವ ಅವಕಾಶವೂ ಇಲ್ಲ.

ಮಲ್ನಾಡ್_ಮಳೆ

ಇದೆಲ್ಲದರಿಂದ ಇಳುವರಿ ಏನಾದರೂ ಹೆಚ್ಚಾಗಿದೆಯೇ? ಅಥವಾ ಬರೀ ಪ್ರಬಂಧಗಳೇ?

ಕಿವಿಗೊಟ್ಟು

2016ರಲ್ಲಿ ಇಲಿನಾಯ್‌ನ ಹೊಲದಲ್ಲಿ ಹೊಗೆಸೊಪ್ಪಿನ ಗಿಡಕ್ಕೆ ಮೂರು ಜೀನ್‌ಗಳ ಪ್ರಮಾಣ ಹೆಚ್ಚಿಸಿ, ಮೋಡ ಬಂದಾಗ ಶಾಖವಾಗಿ ಚೆಲ್ಲುವುದನ್ನು ಬೇಗ ನಿಲ್ಲಿಸುವಂತೆ ಮಾಡಿದರು. ಒಣತೂಕ ಸುಮಾರು 15 ಶೇಕಡಾ ಹೆಚ್ಚಿತು. ಅಲ್ಲಿಯೂ ಮುಖ್ಯ ಸಾಧನ ಇದೇ ಪ್ರತಿದೀಪ್ತಿ ಅಳತೆ. ಆದರೆ ಅದು ಹೊಗೆಸೊಪ್ಪು. ಕಾಫಿ ಮರದಂಥ ಬಹುವಾರ್ಷಿಕಕ್ಕೆ ಅದನ್ನು ಸಲೀಸಾಗಿ ದಾಟಿಸಲಾಗದು.

ಹಸಿರುಲೆಕ್ಕ

ಇಳಿಜಾರು ಹಾಕಿ ನೋಡಿದೆ. ಬಿಸಿಲಿನ ಎಲೆಗಳದ್ದು 0.42ರ ಆಸುಪಾಸಿನಲ್ಲೇ ಬಂತು. ನೆರಳಿನವು ಸ್ಪಷ್ಟವಾಗಿ ಅದಕ್ಕಿಂತ ಮೇಲೆ, ಎಲ್ಲ ಗಿಡಗಳಲ್ಲೂ. ಆ ಸಂಖ್ಯೆ ಹಾಕಿದರೆ ಇಟಿಆರ್ ಕೊರತೆ ಹೋಗುತ್ತದೆ. ಅದರಲ್ಲಿ ಹೀರಿಕೆಯ ಕೊಡುಗೆ ಎಷ್ಟು, ಹಂಚಿಕೆಯದ್ದೆಷ್ಟು ಎಂಬುದು ಗೋಳ ಸಿಕ್ಕ ಮೇಲೆ. ಬೆಂಗಳೂರಿನ ಇನ್ನೊಂದು ಪ್ರಯೋಗಾಲಯದಲ್ಲಿ ಇದೆಯಂತೆ, ಪತ್ರ ಬರೆದಿದ್ದೇನೆ. ಮಾರ್ಗದರ್ಶಕರು ರೇಖಾಚಿತ್ರ ನೋಡಿ “ಹೂಂ” ಎಂದರು. ಬೈಯಲಿಲ್ಲ.

ಹಳೆಬೇರು

ಬಿಸಿಲಿನದ್ದು 0.42 ಬಂತಲ್ಲ, ಅದನ್ನು ಪ್ರಬಂಧದಲ್ಲಿ ಬರೆಯಲು ಮರೆಯಬೇಡಿ. ನೆರಳಿನದ್ದರ ಬಗ್ಗೆ ಗೋಳದ ಅಳತೆ ಬಂದ ಮೇಲೆ ಮಾತಾಡೋಣ. ನನಗೆ ಈಗಲೂ ಅರ್ಧಕ್ಕಿಂತ ಹೆಚ್ಚು ಹೀರಿಕೆಯದ್ದೇ ಎಂಬ ಅನುಮಾನ.

ಎಲೆಮರೆ

ಎಲೆ ಕಿತ್ತು ಬೆಂಗಳೂರಿಗೆ ಒಯ್ಯುವುದಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಕತ್ತಲೆ ಡಬ್ಬಿಯಲ್ಲಿಡಿ. ಬಾಡಿದ ಎಲೆಯ ಹೀರಿಕೆ ಬೇರೆ. ಸಾಧ್ಯವಾದರೆ ಕುಂಡದ ಗಿಡವನ್ನೇ ಒಯ್ಯಿರಿ.

ತೋಟದಮನೆ

ಕುಂಡದ ಗಿಡ ಬೇಕಿದ್ದರೆ ನಮ್ಮ ನರ್ಸರಿಯಲ್ಲಿ ಇವೆ, ನೆರಳಿನವೇ. ನೀವು ಅಳೆಯುವ ತೋಟದ ತಳಿ ಯಾವುದೆಂದು ತಿಳಿಸಿ.

ಹಸಿರುಲೆಕ್ಕ

ಎಸ್-795, ಅಂಕಲ್. ಖಾಸಗಿ ಸಂದೇಶ ಕಳುಹಿಸಿದ್ದೇನೆ.